ಮೊದಲ ಸಲ ಕಟಕಟೆಯಲ್ಲಿ



ಪುಣೆ–ಬೆಂಗಳೂರು ಹೆದ್ದಾರಿಯ ಮೋಟೆಬೆನ್ನೂರಿನಲ್ಲಿ ಒಬ್ಬನು ಕಾರನ್ನು ಮಿತಿಮೀರಿದ ವೇಗದಿಂದ ಓಡಿಸಿದನೆಂದು ಆಪಾದನೆ ಬಂದಿತೆನ್ನೋಣ. ದಂಡ ತೆತ್ತು ಅಲ್ಲಿಗೇ ಮುಗಿಸದಿದ್ದಲ್ಲಿ, ಬ್ಯಾಡಗಿಯ ಮ್ಯಾಜಿಸ್ಟ್ರೇಟ್ ಕೋರ್ಟಿನಿಂದ ಸಮನ್ಸು ಬರಬಹುದು. ಕೋರ್ಟಿನ ಮೆಟ್ಟಿಲನ್ನೇ ಕಾಣದವನಿಗೆ ಅದನ್ನು ಓದುವಾಗಲೇ ಎದೆ ನಡುಗುತ್ತದೆ. ಆದರೆ ಸಮನ್ಸೆಂಬುದು ಇನ್ನೂ ತೀರ್ಪಲ್ಲ.

ಗೊತ್ತಾದ ದಿನ ಮ್ಯಾಜಿಸ್ಟ್ರೇಟರು ಆಪಾದನೆಯ ಸಾರವನ್ನು ತಿಳಿಸಿ, ತಪ್ಪನ್ನು ಒಪ್ಪುವಿರಾ ಎಂದು ಕೇಳುವರು. ಒಪ್ಪಿದರೆ ದಂಡ ಬೀಳುವುದು: 1988ರ ಮೋಟಾರು ವಾಹನ ಕಾಯಿದೆಯು, 2019ರ ತಿದ್ದುಪಡಿಯಾದ ಮೇಲೆ, ಲಘುವಾಹನದ ಅತಿವೇಗಕ್ಕೆ 1,000ದಿಂದ 2,000 ರೂಪಾಯಿಗಳನ್ನು ಗೊತ್ತುಮಾಡಿದೆ. ಒಪ್ಪದಿದ್ದರೆ ವಿಚಾರಣೆ ನಡೆಯುವುದು. ತಪ್ಪನ್ನು ರುಜುವಾತುಪಡಿಸುವ ಹೊಣೆ ಸರಕಾರದ್ದು, ಸಾಕ್ಷಿಯನ್ನು ಪಾಟೀಸವಾಲಿಗೆ ಗುರಿಪಡಿಸುವ ಹಕ್ಕು ಆಪಾದಿತನದು. ಯಂತ್ರದಿಂದ ಅಳೆಯದೆ, ಕೇವಲ ಒಬ್ಬ ಸಾಕ್ಷಿಯ ಕಣ್ಣಂದಾಜನ್ನೇ ನಂಬಿ ಅತಿವೇಗದ ಅಪರಾಧವನ್ನು ಹೊರಿಸಲಾಗದೆಂದು ಅದೇ ಕಾಯಿದೆಯ 183ನೆಯ ಕಲಮು ಹೇಳುತ್ತದೆ.

ಇಷ್ಟನ್ನು ತಿಳಿದವನು, ಬೇಗ ಮನೆ ಸೇರುವ ಆತುರದಿಂದ ಮಾಡದ ತಪ್ಪನ್ನು ಒಪ್ಪನು. ಹಾಗೆಯೇ, ಹೆದ್ದಾರಿಯನ್ನು ದಾಟುವ ಹಳ್ಳಿಗರ ಪ್ರಾಣರಕ್ಷಣೆಗಾಗಿಯೇ ವೇಗಕ್ಕೆ ಮಿತಿಯುಂಟೆಂಬುದನ್ನು ಬಲ್ಲವನು, ಮಾಡಿದ ತಪ್ಪನ್ನು ಅಲ್ಲಗಳೆಯನು. ಕಟಕಟೆಯಲ್ಲಿ ಕೇಳುವ ಆ ಒಂದು ಪ್ರಶ್ನೆಗೆ ಸತ್ಯವಾದ ಉತ್ತರವನ್ನು ಕೊಡುವುದೇ ನಾಗರಿಕನ ಧರ್ಮ.