201 ಅಂಕಿಯ ಸಂಖ್ಯೆಯ ಬಾಲ

201 ಅಂಕಿಗಳ ಸಂಖ್ಯೆಯೊಂದರ 23ನೇ ಮೂಲವನ್ನು ಬಾಯಲ್ಲೇ ಹೇಳಲು ದೈವಶಕ್ತಿ ಬೇಕಲ್ಲವೇ? ಶಕುಂತಲಾ ದೇವಿಯವರ ಬಗ್ಗೆ ಓದಿ ಹನಕೆರೆಯ ಹೈಸ್ಕೂಲು ಹುಡುಗಿಯೊಬ್ಬಳು ಕೇಳಿದ ಪ್ರಶ್ನೆ ಇದು. 1929ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿ 1977ರಲ್ಲಿ ಅಮೆರಿಕದ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ 50 ಸೆಕೆಂಡಿನಲ್ಲಿ ಹೇಳಿದ ಉತ್ತರ 546372891. ಈ ಸಂಖ್ಯೆಯನ್ನು 23 ಸಲ ಬರೆದು ಗುಣಿಸಿದರೆ ಆ 201 ಅಂಕಿಗಳು ಬರುತ್ತವೆ.

ಉತ್ತರದಲ್ಲಿ 1ರಿಂದ 9ರವರೆಗಿನ ಅಂಕಿಗಳೆಲ್ಲ ಒಂದೊಂದೇ ಸಲ ಬಂದಿವೆ. ಕೂಡಿದರೆ 45, ಮತ್ತೆ ಕೂಡಿದರೆ 9. ಇಷ್ಟು ಸಿಕ್ಕರೆ ಸಂಖ್ಯಾಶಾಸ್ತ್ರದವರು ಬಿಟ್ಟಾರೆಯೇ! ಕೂಡಿದರೆ 8 ಬರುವ ನಂಬರು ಶನಿಯದೆಂದು ನಮ್ಮ ಮಂಡ್ಯದ ಕೆಎ-11 ಗಾಡಿಗಳಿಗೂ ದುಡ್ಡು ಕೊಟ್ಟು ಬೇರೆ ನಂಬರು ಹಾಕಿಸಿಕೊಳ್ಳುವವರಿದ್ದಾರೆ. ಹೀಗೆ ಕೂಡಿ ಬರುವ 8, ಸಂಖ್ಯೆಯನ್ನು 9ರಿಂದ ಭಾಗಿಸಿದಾಗ ಉಳಿಯುವ ಶೇಷ, ಅಷ್ಟೇ. 2501ಕ್ಕೆ ಎಂಟು ಬಂದರೆ ಒಂಬತ್ತು ಗಾಡಿ ದಾಟಿದ ಮೇಲೆ 2510ಕ್ಕೂ ಎಂಟೇ. ಶನಿಗೆ ಇದರಲ್ಲಿ ಏನು ಕೆಲಸ? ಶಕುಂತಲಾ ದೇವಿ ಜಾತಕವನ್ನೂ ನೋಡುತ್ತಿದ್ದರು. ಅದನ್ನು ನಾನು ಒಪ್ಪುವುದಿಲ್ಲ. ಅವರ ಲೆಕ್ಕಕ್ಕೆ ಮಾತ್ರ ತಲೆಬಾಗುತ್ತೇನೆ.

ನನ್ನನ್ನು ಮರುಳು ಮಾಡಿರುವುದು ಆ ದೊಡ್ಡ ಸಂಖ್ಯೆಯ ಬಾಲ. ಅದು 806771 ಎಂದು ಮುಗಿಯುತ್ತದೆ. ಈ ಬಾಲದಿಂದ ಉತ್ತರ ಸಿಗುವುದು ಹೇಗೆಂದು ನೋಡಲು 3ನ್ನು 3ರಿಂದ ಗುಣಿಸುತ್ತಾ ಹೋಗಿ: 3, 9, 27, 81, 243. ಬಿಡಿಸ್ಥಾನದಲ್ಲಿ 3, 9, 7, 1, ಮತ್ತೆ 3. ನಾಲ್ಕು ಹೆಜ್ಜೆಗೊಮ್ಮೆ ಸುತ್ತು ಮುಗಿಯುತ್ತದೆ. ಯಾವ ಅಂಕಿ ಹಿಡಿದರೂ ನಾಲ್ಕು ಹೆಜ್ಜೆ ಮುಂದೆ ಅದೇ ಅಂಕಿ. 23ರಲ್ಲಿ 20 ಹೆಜ್ಜೆಗೆ ಐದು ಸುತ್ತು, ಉಳಿದದ್ದು 3. ಅಂದರೆ 23ನೇ ಘಾತದ ಬಿಡಿಸ್ಥಾನವೂ ಘನದ ಬಿಡಿಸ್ಥಾನವೂ ಒಂದೇ. 0ಯಿಂದ 9ರವರೆಗೆ ಘನ ಮಾಡಿ ನೋಡಿ, ಒಂದರ ಬಿಡಿಸ್ಥಾನ ಇನ್ನೊಂದಕ್ಕೆ ಬರುವುದಿಲ್ಲ. ಕೊನೆಗೆ 1 ಬರುವುದು 1ರ ಘನಕ್ಕೆ ಮಾತ್ರ. ಉತ್ತರದ ಕೊನೆಯ ಅಂಕಿ ಸಿಕ್ಕಿಬಿಟ್ಟಿತು!

ಕೊನೆಯ ಎರಡು ಅಂಕಿಗೂ ಇದೇ ಆಟ. 5ರಲ್ಲಿ ಮುಗಿಯದ ಬೆಸ ಸಂಖ್ಯೆಗಳಿಗೆ ಸುತ್ತು 20 ಹೆಜ್ಜೆಯದು, ಉಳಿಯುವುದು ಮತ್ತೆ 3. 91ರ ಘನ 7,53,571. ಬಾಲದ 71 ಕೊಡುವುದು 91 ಮಾತ್ರ. 771 ಕೊಡುವುದು 891 ಒಂದೇ, 806771 ಕೊಡುವುದು 372891 ಒಂದೇ. ಉತ್ತರ ಒಂಬತ್ತು ಅಂಕಿಯದೆಂದು ಗೊತ್ತಿದ್ದರೆ ಕೊನೆಯ ಒಂಬತ್ತು ಅಂಕಿಗಳಲ್ಲೇ ಅದು ಪೂರ್ತಿ ಇದೆ. ಮೊದಲ 192 ಅಂಕಿಗಳನ್ನು ಒರೆಸಿಹಾಕಿದರೂ ಸರಿ. ಅದನ್ನು ಬಿಡಿಸಿ ತೆಗೆಯಲು ಮಾತ್ರ ಅಸಾಮಾನ್ಯ ತಲೆಯೇ ಬೇಕು.

ನಾವು ಸುಲಭವೆಂದುಕೊಂಡಿರುವ ವರ್ಗಮೂಲಕ್ಕೆ ಈ ಗುಣವಿಲ್ಲ. 1ರ ವರ್ಗವೂ 1ರಲ್ಲೇ ಮುಗಿಯುತ್ತದೆ, 9ರ ವರ್ಗ 81 ಕೂಡ. 2, 3, 7, 8ರಲ್ಲಿ ಯಾವ ವರ್ಗವೂ ಮುಗಿಯುವುದಿಲ್ಲ. ಬಾಲ ಹಿಡಿದು ಮೂಲ ಹುಡುಕುವವರಿಗೆ 23ಕ್ಕಿಂತ 2 ಕಷ್ಟ.