ಆ ನೀಲಿ ಫ್ಯೂಸ್ ಯಾಕೆ ಪದೇ ಪದೇ ಹೋಗ್ತಿತ್ತು?

ನಮ್ಮ ಹಳೇ ಪಿಕಪ್ ಟ್ರಕ್ಕನ್ನು ನೀವೆಲ್ಲ ನೋಡಿರ್ತೀರಿ. ರಾಜ್ಯೋತ್ಸವಕ್ಕೆ ಸೌಂಡ್ ಬಾಕ್ಸ್, ಯುಗಾದಿಗೆ ಅಡುಗೆ ಪಾತ್ರೆ, ಆಗಸ್ಟ್ ಬಂತಂದ್ರೆ ಹೊಸದಾಗಿ ಬಂದವರ ಹಾಸಿಗೆ, ಮೇಜು, ಎಲ್ಲ ಅದರಲ್ಲೇ. ಕಳೆದ ವರ್ಷ ಅಟ್ಲಾಂಟಾದಿಂದ ನಾಟಕದ ಸಾಮಾನು ತುಂಬಿಕೊಂಡು ಮೇರಿಲ್ಯಾಂಡಿಗೆ ವಾಪಸ್ ಹೊರಟಿದ್ದೆವು. ಐ-85ರಲ್ಲಿ ಗ್ರೀನ್‌ವಿಲ್ ದಾಟಿ ಸ್ಪಾರ್ಟನ್‌ಬರ್ಗ್ ಹತ್ತಿರ ಡ್ಯಾಶ್‌ಬೋರ್ಡಿನ ಬೆಳಕು ಪಕ್ಕನೆ ಹೋಯ್ತು. ಹೆಡ್‌ಲೈಟ್ ಉರೀತಾನೇ ಇದ್ದುದರಿಂದ ನಾವೂ ತಲೆ ಕೆಡಿಸಿಕೊಳ್ಳಲಿಲ್ಲ. ಹಿಂದಿನ ಲಾರಿಯವನು ಹಾರ್ನ್ ಹೊಡೆದು ಹೊಡೆದು ಪಕ್ಕದಿಂದ ಹಾದುಹೋದ ಮೇಲೆ ಇಳಿದು ನೋಡಿದರೆ, ಹಿಂದಿನ ಕೆಂಪು ದೀಪ ಎರಡೂ ಕತ್ತಲು. ಅಷ್ಟು ಹೊತ್ತು ಆ ಹೈವೇಯಲ್ಲಿ ನಾವು ಯಾರ ಕಣ್ಣಿಗೂ ಬೀಳದೆ ಓಡ್ತಿದ್ದೆವು.

15 ಆಂಪಿಯರ್‌ನ ನೀಲಿ ಫ್ಯೂಸ್ ಸುಟ್ಟಿತ್ತು. ಪೆಟ್ರೋಲ್ ಬಂಕಿನಲ್ಲಿ ಹೊಸ ಪೊಟ್ಟಣ ಕೊಂಡು ಹಾಕಿದೆವು. ಶಾರ್ಲೆಟ್ ಮುಟ್ಟುವಷ್ಟರಲ್ಲಿ ಅದೂ ಹೋಯ್ತು. ಐ-85 ಮುಗಿದು ಐ-95 ಸಿಗುವ ಪೀಟರ್ಸ್‌ಬರ್ಗ್ ಹತ್ತಿರ ಮೂರನೆಯದು. ವೀಸಾದ ಮೇಲೆ ಇರೋರು ಪೊಲೀಸರು ನಿಲ್ಲಿಸಿದರೆ ಏನು ಹೇಳೋದು ಅನ್ನೋ ಭಯ ಬೇರೆ. ಕೊನೆಗೆ ಬೆಳಗಾಗುವ ತನಕ ಅಲ್ಲೇ ಗಾಡಿ ನಿಲ್ಲಿಸಿಕೊಂಡು ಕೂತೆವು.

ಅಲ್ಲಿ ಕೂತಾಗ ನಮ್ಮಲ್ಲೇ ಒಬ್ಬರು, "30ರ ಹಸಿರು ಫ್ಯೂಸ್ ಹಾಕಿಬಿಡೋಣ, ಹೋಗಲ್ಲ" ಅಂದರು. ಊರಲ್ಲಿ ಕಿಟ್‌ಕ್ಯಾಟ್ ಫ್ಯೂಸಿಗೆ ದಪ್ಪ ತಾಮ್ರದ ತಂತಿ ಸುತ್ತಿ "ಇನ್ನು ನೂರು ವರ್ಷ ಬರುತ್ತೆ" ಅನ್ನೋ ಬುದ್ಧಿ ಇದೇ. ಫ್ಯೂಸ್ ಇರೋದು ಬಲ್ಬನ್ನು ಕಾಯೋದಕ್ಕಲ್ಲ, ವೈರನ್ನು ಕಾಯೋದಕ್ಕೆ. ತಂತಿಯಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗದಷ್ಟು ಏರುತ್ತದೆ. 15ರ ಬದಲು 30 ಆಂಪಿಯರ್ ಹರಿದರೆ ಶಾಖ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಆಗ ಫ್ಯೂಸ್ ಉಳಿಯುತ್ತೆ, ಕಾರ್ಪೆಟ್ ಕೆಳಗಿನ ವೈರ್ ಕರಗುತ್ತೆ. ನಾವು ಹಸಿರು ಹಾಕಲಿಲ್ಲ.

ಊರಿಗೆ ಬಂದು ಗ್ಯಾರೇಜಿಗೆ ಕೊಟ್ಟೆವು. ಅವರು ಎರಡು ಬಲ್ಬು ಬದಲಿಸಿ ದುಡ್ಡು ತಗೊಂಡರು. ಒಂದು ವಾರ ಚೆನ್ನಾಗಿತ್ತು. ಶನಿವಾರ ಸೋಫಾ ಹೊತ್ತು ಅಪಾರ್ಟ್‌ಮೆಂಟಿನ ಹಂಪ್ ದಾಟಿದ್ದೇ ತಡ, ಮತ್ತೆ ಹೋಯ್ತು.

ನಮ್ಮಲ್ಲೊಬ್ಬನ ಕಾಕಾ ಹುಬ್ಬಳ್ಳಿಯಲ್ಲಿ ಗಾಡಿಗಳ ವೈರಿಂಗ್ ಕೆಲಸ ಮಾಡ್ತಾರೆ. ವಿಡಿಯೋ ಕಾಲ್‌ನಲ್ಲಿ ಎಲ್ಲ ಕೇಳಿದವರೇ, "ತಮ್ಮಾ, ಬರೇ ಫ್ಯೂಸ್ ಹಾಕ್ಕೋಂತ ಕುಂತ್ರ ಮುಗಿಯಂಗಿಲ್ಲ. ಲೋಡ್ ಇದ್ದಾಗ ಹೊಕ್ಕೈತೋ, ಖಾಲಿ ಇದ್ದಾಗೋ, ಅದನ್ನ ಮೊದಲ ಬರದಿಡ್ರಿ" ಅಂದರು. ನೆನಪು ಮಾಡಿ ಬರೆದೆವು. ನಾಲ್ಕಕ್ಕೆ ನಾಲ್ಕು ಸಲವೂ ಹಿಂದೆ ಭಾರ ಇತ್ತು. ಖಾಲಿ ಗಾಡಿಯಲ್ಲಿ ಒಮ್ಮೆಯೂ ಹೋಗಿರಲಿಲ್ಲ! ಇದು ನಮಗೇ ಹೊಳೀಬೇಕಿತ್ತು.

ಅದಕ್ಕೂ ಮುಂಚೆ ಮಲ್ಟಿಮೀಟರ್ ಹಿಡಿದು ನಾವೇ ಮೋಸಹೋಗಿದ್ದೆವು. ಫ್ಯೂಸ್ ತೆಗೆದು, ದೀಪದ ಕಡೆಯ ಪಿನ್ನಿಗೂ ಗಾಡಿಯ ಬಾಡಿಗೂ ರೆಸಿಸ್ಟೆನ್ಸ್ ನೋಡಿದರೆ ಒಂದು ಓಮ್‌ಗಿಂತ ಕಡಿಮೆ. "ಶಾರ್ಟ್ ಸಿಕ್ತು" ಅಂತ ಕುಣಿದೆವು. ಸಿಕ್ಕಿರಲಿಲ್ಲ. 12 ವೋಲ್ಟ್, 5 ವಾಟ್‌ನ ಬಲ್ಬು ಉರಿಯುವಾಗ ಅದರ ರೆಸಿಸ್ಟೆನ್ಸ್ ಸುಮಾರು 29 ಓಮ್. ತಣ್ಣಗಿದ್ದಾಗ ಅದರ ಹತ್ತರಲ್ಲೊಂದು ಪಾಲಿನ ಆಸುಪಾಸು. ಅಂಥ ಆರು ಬಲ್ಬು ಪ್ಯಾರಲಲ್ ಆಗಿ ಕೂತರೆ ಮೀಟರಿಗೆ ಶಾರ್ಟ್ ಥರಾನೇ ಕಾಣುತ್ತೆ. ಎಲೆಕ್ಟ್ರಿಕಲ್ ಓದಿದ ಇಬ್ಬರು ನಮ್ಮ ಗುಂಪಲ್ಲೇ ಇದ್ದರು ಅನ್ನೋದನ್ನ ಇಲ್ಲಿ ಹೇಳದಿದ್ದರೆ ಒಳ್ಳೇದು.

ಕಾಕಾ ಹೇಳಿಕೊಟ್ಟ ಉಪಾಯ ಇದು: ಫ್ಯೂಸ್ ಜಾಗದಲ್ಲಿ ಎರಡು ವೈರ್ ಸಿಕ್ಕಿಸಿ ಹಳೇ ಹೆಡ್‌ಲೈಟ್ ಬಲ್ಬು ಜೋಡಿಸೋದು. 55 ವಾಟ್ ಬಲ್ಬಿನ ಮೂಲಕ, ಎಷ್ಟೇ ಶಾರ್ಟ್ ಆದರೂ, ಐದು ಆಂಪಿಯರ್ ಆಸುಪಾಸಿಗಿಂತ ಹೆಚ್ಚು ಹರಿಯಲ್ಲ. ವೈರ್ ಸುಡಲ್ಲ, ಫ್ಯೂಸ್ ದಂಡ ಆಗಲ್ಲ. ಶಾರ್ಟ್ ಆದ ಕೂಡಲೇ ಬಲ್ಬು ಝಗ್ ಅಂತ ಪೂರ್ತಿ ಉರಿಯುತ್ತೆ, ಬಿಟ್ಟರೆ ಮಂಕಾಗುತ್ತೆ. (ಹ್ಯಾಲೊಜೆನ್ ಬಲ್ಬು ಕೆಂಡದ ಹಾಗೆ ಕಾಯುತ್ತೆ, ಸೀಟಿನ ಮೇಲೆ ಇಡಬೇಡಿ. ನಾವು ಸ್ಟೀಲ್ ತಟ್ಟೆಯಲ್ಲಿ ಇಟ್ಟಿದ್ದೆವು.)

ಹಿಂದಿನ ಬಲ್ಬುಗಳನ್ನೂ ನಂಬರ್ ಪ್ಲೇಟಿನ ಬಲ್ಬನ್ನೂ ತೆಗೆದು ಸ್ವಿಚ್ ಹಾಕಿದೆವು. ತಟ್ಟೆಯಲ್ಲಿದ್ದ ಬಲ್ಬು ಬರೀ ಮಿಣುಕು. ಐದು ಜನ ಹಿಂದೆ ಹತ್ತಿ ಕೂತರು. ಏನೂ ಇಲ್ಲ. "ಎಲ್ಲರೂ ಒಟ್ಟಿಗೆ ಕುಪ್ಪಳಿಸ್ರೋ" ಅಂದದ್ದೇ, ಬಲ್ಬು ಝಗ್ ಅಂತು. ಪಾರ್ಕಿಂಗ್ ಲಾಟಲ್ಲಿ ನಾವು ಹಾಕಿದ ಕೇಕೆಗೆ ಮೇಲಿನ ಮನೆಯವರು ಕಿಟಕಿ ತೆರೆದರು.

ಎಲ್ಲರನ್ನೂ ಇಳಿಸಿ, ಸ್ವಿಚ್ ಆರಿಸಿ, ಚಕ್ರಕ್ಕೆ ಕಲ್ಲು ಕೊಟ್ಟು ಟಾರ್ಚ್ ಹಿಡಿದು ಕೆಳಗೆ ತೂರಿದೆವು. ಟ್ರೇಲರಿನ ಪ್ಲಗ್ಗಿಗೆ ಹೋಗುವ ವೈರ್ ಕಟ್ಟು ಚಾಸಿಗೆ ಅಂಟಿಕೊಂಡಿರಬೇಕು. ಅದರ ಕ್ಲಿಪ್ ಮುರಿದು, ಕಟ್ಟು ಜೋತುಬಿದ್ದು, ಲೀಫ್ ಸ್ಪ್ರಿಂಗಿನ ತುದಿಯ ಶ್ಯಾಕಲ್ ಪಕ್ಕ ಬಂದು ನಿಂತಿತ್ತು. ಭಾರ ಬಿದ್ದು ಗುಂಡಿಗೆ ಇಳಿದಾಗ ಸ್ಪ್ರಿಂಗ್ ಚಪ್ಪಟೆಯಾಗುತ್ತೆ, ಶ್ಯಾಕಲ್ ಹಿಂದಕ್ಕೆ ವಾಲಿ ವೈರನ್ನು ಉಜ್ಜುತ್ತೆ. ಕಂದು ವೈರಿನ ಮೇಲೆ ಉಗುರಿನಷ್ಟು ಉದ್ದ ತಾಮ್ರ ಹೊಳೀತಿತ್ತು. ಟ್ರೇಲರ್ ವೈರಿಂಗಿನ ನಾಲ್ಕು ಪಿನ್ನಿನ ಪ್ಲಗ್ಗಿನಲ್ಲಿ ಕಂದು ಅಂದರೆ ಹಿಂದಿನ ದೀಪ, ಹಳದಿ ಎಡ, ಹಸಿರು ಬಲ, ಬಿಳಿ ಅರ್ತ್. ಬ್ರೇಕ್ ಲೈಟು, ಇಂಡಿಕೇಟರು ಚೆನ್ನಾಗಿದ್ದು ಇದೊಂದೇ ಯಾಕೆ ಹೋಗ್ತಿತ್ತು ಅಂತ ಆಗ ಗೊತ್ತಾಯ್ತು. ನಾವು ಟ್ರೇಲರನ್ನ ಒಂದು ದಿನವೂ ಎಳೆದಿಲ್ಲ. ಹಾಗಾಗಿ ಆ ಪ್ಲಗ್ಗಿನ ಕಡೆ ಯಾರೂ ನೋಡಿರಲಿಲ್ಲ.

ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಸವೆದ ಜಾಗ ಕತ್ತರಿಸಿ, ಬೆಸುಗೆ ಹಾಕಿ, ಹೀಟ್ ಶ್ರಿಂಕ್ ಏರಿಸಿ, ಮೇಲೆ ಪ್ಲಾಸ್ಟಿಕ್ ಕೊಳವೆ ತೊಡಿಸಿ, ಶ್ಯಾಕಲ್‌ನಿಂದ ದೂರಕ್ಕೆ ಎಳೆದು ಟೈ ಹಾಕಿ ಬಿಗಿದೆವು. ಮತ್ತೆ ಐದು ಜನ ಹತ್ತಿ ಕುಪ್ಪಳಿಸಿದರು. ತಟ್ಟೆಯಲ್ಲಿನ ಬಲ್ಬು ಮಿಣುಕು ಬಿಟ್ಟು ಮೇಲೇಳಲಿಲ್ಲ. ಆಮೇಲೆ ನೀಲಿ ಫ್ಯೂಸ್ ಹಾಕಿದೆವು.

ಈ ಸಲ ರಾಜ್ಯೋತ್ಸವದ ಸಾಮಾನು ಹೊತ್ತು ಅಟ್ಲಾಂಟಾಕ್ಕೆ ಹೋಗಿ ಬಂದದ್ದೂ ಅದೇ ಫ್ಯೂಸಿನಲ್ಲಿ. ಪೊಟ್ಟಣದಲ್ಲಿ ಉಳಿದ ಎರಡು ನೀಲಿ ಫ್ಯೂಸ್ ಡ್ಯಾಶ್‌ಬೋರ್ಡಿನ ಖಾನೆಯಲ್ಲಿವೆ. ಗಾಡಿ ಒಯ್ಯುವವರು ದಯವಿಟ್ಟು ಅಲ್ಲೇ ಬಿಡಿ.