ನಾಯಿ ಎದ್ದು ಓಡಾಡಿದ ಮೇಲೆ ಮಾತ್ರೆ ನಿಲ್ಲಿಸಬಹುದೇ? ಫಾರ್ವರ್ಡ್ ಸಲಹೆಗಳ ಅಸಲಿಯತ್ತು

ಆಳಂದ, ಅಫಜಲಪುರ, ಜೇವರ್ಗಿ ಕಡೆ ನಾಯಿ ತೊಗರಿ ಹೊಲವನ್ನೂ ಕುರಿ ಹಟ್ಟಿಯನ್ನೂ ಕಾಯುತ್ತದೆ. ಗಾಣಗಾಪುರಕ್ಕೆ ಹೋಗಿಬಂದವರ ಮನೆಯ ದತ್ತಾತ್ರೇಯನ ಪಟದಲ್ಲೂ ನಾಲ್ಕು ನಾಯಿಗಳಿರುತ್ತವೆ. ಇಷ್ಟು ಹತ್ತಿರದ ಪ್ರಾಣಿಗೆ ಜ್ವರ ಬಂದಾಗ ಮಾತ್ರ ಪಶುವೈದ್ಯರ ಚೀಟಿಗಿಂತ ಮೊಬೈಲ್‌ಗೆ ಬಂದ ಸಲಹೆಯೇ ಮುಂದಾಗುತ್ತದೆ. ಅಂಥ ನಾಲ್ಕು ಸಲಹೆಗಳನ್ನು ನೋಡೋಣ.

1. "ಹುಷಾರಾದರೆ ಮಾತ್ರೆ ಸಾಕು"

ತಪ್ಪು. ಉಣ್ಣಿಯಿಂದ ಬರುವ ಜ್ವರವನ್ನೇ ತೆಗೆದುಕೊಳ್ಳಿ. ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾ ನಾಯಿಯ ಬಿಳಿ ರಕ್ತಕಣಗಳ ಒಳಗೇ ಅಡಗಿರುತ್ತದೆ. ಇದಕ್ಕೆ ವೈದ್ಯರು ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು 28 ದಿನಗಳವರೆಗೆ ಬರೆಯುತ್ತಾರೆ. ಒಂದೆರಡು ದಿನಗಳಲ್ಲೇ ಜ್ವರ ಇಳಿದು ನಾಯಿ ರೊಟ್ಟಿ ತಿನ್ನತೊಡಗಬಹುದು. ಆದರೆ ಜ್ವರ ಇಳಿಯಿತು ಎಂದರೆ ರೋಗಾಣು ಹೋಯಿತು ಎಂದಲ್ಲ. ಅರ್ಧಕ್ಕೇ ಬಿಟ್ಟರೆ ಅದು ಗುಲ್ಮದಲ್ಲಿ ಉಳಿದು ತಿಂಗಳುಗಳ ನಂತರ ಮತ್ತೆ ತಲೆ ಎತ್ತಬಹುದು. ಆಗ ಎಲುಬಿನ ಮಜ್ಜೆಗೆ ಪೆಟ್ಟು ಬಿದ್ದು, ಮೂಗಿನಿಂದ ರಕ್ತ ಸೋರಿ, ನಾಯಿ ಉಳಿಯುವುದೇ ಕಷ್ಟವಾಗಬಹುದು.

2. "ಜ್ವರಕ್ಕೆ ಮನುಷ್ಯರ ಮಾತ್ರೆಯಲ್ಲಿ ಅರ್ಧ ಕೊಡಿ"

ಅಪಾಯಕಾರಿ ಸಲಹೆ. ಇಲ್ಲಿ ತೂಕದ ಲೆಕ್ಕವೊಂದೇ ಸಾಲದು. ನಾಯಿಯ ದೇಹ ಈ ಔಷಧಿಗಳನ್ನು ನಮ್ಮಂತೆ ಕರಗಿಸಿ ಹೊರಹಾಕುವುದಿಲ್ಲ. ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಿಂದ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು. ಪ್ಯಾರಾಸಿಟಮಾಲ್ ಹೆಚ್ಚಾದರೆ ಯಕೃತ್ತು ಹಾಳಾಗುತ್ತದೆ. ಬೆಕ್ಕಿಗಂತೂ ಒಂದೇ ಪ್ಯಾರಾಸಿಟಮಾಲ್ ಮಾತ್ರೆ ಜೀವ ತೆಗೆಯಬಲ್ಲದು.

3. "ದನ, ಕುರಿಗೆ ಹಾಕುವ ಉಣ್ಣಿ ಔಷಧಿ ನಾಯಿಗೂ ನಡೆಯುತ್ತದೆ"

ನಮ್ಮ ಊರುಗಳಲ್ಲಿ ಇದು ಕೈಗೆ ಸುಲಭವಾಗಿ ಸಿಗುತ್ತದೆ, ಆದ್ದರಿಂದ ಅಪಾಯವೂ ಹೆಚ್ಚು. ಐವರ್‌ಮೆಕ್ಟಿನ್ ಪ್ರಮಾಣವನ್ನು ದನದ ತೂಕ ನೋಡಿ ತಯಾರಿಸಿರುತ್ತಾರೆ. ಹತ್ತು-ಹದಿನೈದು ಕಿಲೋ ತೂಗುವ ನಾಯಿಗೆ ಅಂದಾಜಿನಲ್ಲಿ ಹಾಕಿದರೆ ಅದು ತೂರಾಡಬಹುದು, ಪ್ರಜ್ಞೆ ತಪ್ಪಬಹುದು. ಕೋಲಿಯಂಥ ಕೆಲವು ತಳಿಗಳಿಗೆ ಹುಟ್ಟಿನಿಂದಲೇ ಈ ಔಷಧಿ ಮಿದುಳಿಗೆ ಏರುವ ತೊಂದರೆಯಿದೆ. ಮೈಗೆ ಹಚ್ಚುವ ದ್ರಾವಣವೂ ಅಷ್ಟೇ: ನೀರಿನ ಅಳತೆ ತಪ್ಪಿದರೆ, ನಾಯಿ ಮೈ ನೆಕ್ಕಿಕೊಂಡರೆ ವಿಷ ಹೊಟ್ಟೆ ಸೇರುತ್ತದೆ.

4. "ಯಾವ ಮಾತ್ರೆಯಾದರೂ ಹಾಲಿನಲ್ಲಿ ಕೊಡಿ"

ಎಲ್ಲಕ್ಕೂ ಅಲ್ಲ. ಹಾಲು-ಮೊಸರಿನ ಕ್ಯಾಲ್ಸಿಯಂ ಡಾಕ್ಸಿಸೈಕ್ಲಿನ್ ಜೊತೆ ಅಂಟಿಕೊಂಡು ಅದು ರಕ್ತಕ್ಕೆ ಸೇರುವುದನ್ನು ಕಡಿಮೆ ಮಾಡುತ್ತದೆ. ಬೆಳ್ಳುಳ್ಳಿ ಹಾಕಿದ ಮುಟಗಿಯಲ್ಲೂ ಅಡಗಿಸಬೇಡಿ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳಿಗೆ ಹಾನಿ ಮಾಡುತ್ತವೆ.

ಹಾಗಾದರೆ ಹೇಗೆ ಕೊಡಬೇಕು?

ಮೊದಲು ಮಾತ್ರೆಯಿಲ್ಲದ ರೊಟ್ಟಿಯ ಚೂರು ಕೊಡಿ. ಎರಡನೆಯದರಲ್ಲಿ ಮಾತ್ರೆ ಇಡಿ. ತಕ್ಷಣ ಮೂರನೆಯದನ್ನು ತೋರಿಸಿ. ಅದರ ಆಸೆಗೆ ಎರಡನೆಯದನ್ನು ಅಗಿಯದೆ ನುಂಗುತ್ತದೆ. ಮೇಲೆ ಸ್ವಲ್ಪ ನೀರು ಕುಡಿಸಿ, ಮಾತ್ರೆ ಗಂಟಲಲ್ಲಿ ಸಿಕ್ಕಿಕೊಂಡರೆ ಹುಣ್ಣಾಗುತ್ತದೆ. ಊಟದ ಮೊದಲೋ ನಂತರವೋ, ಪುಡಿ ಮಾಡಬಹುದೋ ಇಲ್ಲವೋ ಎಂದು ವೈದ್ಯರನ್ನೇ ಕೇಳಿ.

ಒಂದು ಹೊತ್ತು ಮರೆತರೆ ಮುಂದಿನ ಹೊತ್ತು ಎರಡು ಮಾತ್ರೆ ಕೊಡಬೇಡಿ. ಕೊಟ್ಟ ಕೂಡಲೇ ವಾಂತಿ ಮಾಡಿಕೊಂಡರೆ ನೀವೇ ತೀರ್ಮಾನ ಮಾಡದೆ ವೈದ್ಯರಿಗೆ ಫೋನ್ ಮಾಡಿ. ಮನೆಯಲ್ಲಿ ಹಲವರು ಮಾತ್ರೆ ಕೊಡುವುದಾದರೆ ಕೊಟ್ಟ ಹೊತ್ತನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಸ್ಟ್ರಿಪ್ ಎಸೆಯಬೇಡಿ, ಏನಾದರೂ ಏರುಪೇರಾದರೆ ವೈದ್ಯರು ಮೊದಲು ಕೇಳುವುದು ಅದನ್ನೇ.

ತಪ್ಪು ಔಷಧಿ ಹೊಟ್ಟೆಗೆ ಹೋಗಿದ್ದರೆ ಮನೆಮದ್ದು ಹುಡುಕುತ್ತಾ ಹೊತ್ತು ಕಳೆಯಬೇಡಿ. ಸಮೀಪದ ಪಶು ಆಸ್ಪತ್ರೆಗೆ ಒಯ್ಯಿರಿ, ಇಲ್ಲವೇ ಸಂಚಾರಿ ಪಶು ಚಿಕಿತ್ಸೆಯ ಉಚಿತ ಸಹಾಯವಾಣಿ 1962ಕ್ಕೆ ಕರೆ ಮಾಡಿ.

ನಮ್ಮ ತೀರ್ಮಾನ: ನಾಲ್ಕು ಸಲಹೆಗಳಲ್ಲಿ ಒಂದೂ ಸರಿಯಲ್ಲ. ಔಷಧಿ ಯಾವುದು, ಎಷ್ಟು, ಎಷ್ಟು ದಿನ ಎಂಬುದನ್ನು ನಾಯಿಯನ್ನು ಮುಟ್ಟಿ ನೋಡಿದ ವೈದ್ಯರೇ ಹೇಳಬೇಕು. ಅಂಥ ಫಾರ್ವರ್ಡ್ ನಿಮ್ಮ ಗುಂಪಿಗೆ ಬಂದರೆ ಅದರ ಕೆಳಗೆ ಇದನ್ನು ಹಾಕಿ.